ಗಾಡಿಯ ಅಡಿ ನೋಡದೆ ಇನ್ನು ನಿಮ್ಮ ಹಣ ತೆಗೆದುಕೊಳ್ಳುವುದಿಲ್ಲ

ತುರ್ಭೆ, ನವಿ ಮುಂಬೈ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಜಪಾನಿನಿಂದ ಹಳೇ ಕಾರು ತರಿಸಿಕೊಡಿ ಅಂತ ನಮ್ಮ ಗ್ಯಾರೇಜಿನಲ್ಲಿ ಹೆಸರು ಬರೆಸಿರುವ ಎಲ್ಲರಿಗೂ ಈ ಪತ್ರ. ಬರೆಸೋಣವಾ ಬೇಡವಾ ಅಂತ ಯೋಚಿಸುತ್ತಿರುವವರೂ ದಯವಿಟ್ಟು ಓದಿ.

ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ಪದ್ಧತಿ ಬದಲಾಗುತ್ತಿದೆ. ಇಷ್ಟು ದಿನ ಅಲ್ಲಿನ ಹರಾಜಿನಲ್ಲಿ ಗಾಡಿಯ ಸ್ಥಿತಿ ಬರೆದಿಡುವ ಚೀಟಿ, ನಾಲ್ಕು ಫೋಟೊ ನೋಡಿ ಗಾಡಿ ಆರಿಸುತ್ತಿದ್ದೆವು. ನಿಮ್ಮಿಂದ ಮುಂಗಡ ಪಡೆದು, 'ಎಲ್ಲಾ ಸೇರಿ ಇಷ್ಟು' ಅಂತ ಒಂದೇ ಮೊತ್ತ ಹೇಳುತ್ತಿದ್ದೆವು. ಇನ್ನು ಹಾಗೆ ಮಾಡುವುದಿಲ್ಲ. ಜಪಾನಿನಲ್ಲೇ ಒಬ್ಬ ಮೆಕ್ಯಾನಿಕ್ ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ, ಅಡಿಗೆ ಹೋಗಿ ನೋಡಬೇಕು. ಆ ಫೋಟೊ ನಿಮ್ಮ ಕೈಗೆ ಬರಬೇಕು. ಅಲ್ಲಿಯವರೆಗೆ ಗಾಡಿಯ ಬಾಬ್ತು ಒಂದು ರೂಪಾಯಿಯನ್ನೂ ನಾವು ಮುಟ್ಟುವುದಿಲ್ಲ.

ಇದರಿಂದ ನೀವು ಜಾಸ್ತಿ ದಿನ ಕಾಯಬೇಕಾಗುತ್ತದೆ. ಖರ್ಚೂ ಸ್ವಲ್ಪ ಏರುತ್ತದೆ. ಆದ್ದರಿಂದ ಕಾರಣವನ್ನು ಪೂರ್ತಿ ಹೇಳುವುದು ನಮ್ಮ ಕೆಲಸ.

ಡೊಂಬಿವ್ಲಿಯ ಹಿರಿಯ ಗ್ರಾಹಕರೊಬ್ಬರು ಪ್ರಾಯದಲ್ಲಿ ಸರಕು ಹಡಗಿನಲ್ಲಿ ಕೆಲಸ ಮಾಡಿದವರು. ಹಡಗು ಯೊಕೊಹಾಮಾದಲ್ಲಿ ನಿಂತಾಗ ಅಲ್ಲಿನ ರಸ್ತೆಯಲ್ಲಿ ಡಾಟ್ಸನ್ ಸನ್ನಿ 1200 ನೋಡಿದ್ದರು. ಚಿಕ್ಕ ಕಾರು, ಹಗುರವಾದ ಕಾರು, 1171 ಸಿಸಿ ಎಂಜಿನ್, ಎಳೆಯುವುದು ಹಿಂದಿನ ಚಕ್ರ. 1970ರಲ್ಲಿ ಮಾರುಕಟ್ಟೆಗೆ ಬಂದಿದ್ದು. ಅಂದಿನಿಂದ ಅವರಿಗೆ ಅದರ ಮೇಲೆ ಮನಸ್ಸು. ಆದರೆ ತರಿಸುವುದಕ್ಕೆ ದಾರಿ ಇರಲಿಲ್ಲ. ನಮ್ಮ ದೇಶದ ಆಮದು ನಿಯಮದಲ್ಲಿ 1950ಕ್ಕೂ ಮುಂಚೆ ತಯಾರಾದ ಗಾಡಿಗಳನ್ನು ಮಾತ್ರ ವಿಂಟೇಜ್ ಅಂತ ಲೈಸೆನ್ಸ್ ಇಲ್ಲದೆ ತರಿಸಬಹುದಿತ್ತು. ಜಪಾನಿನ ಕಾರುಗಳಲ್ಲಿ ಜನ ಆಸೆಪಡುವಂಥವು ಹೆಚ್ಚುಕಡಿಮೆ ಎಲ್ಲವೂ ಅದರ ನಂತರ ಹುಟ್ಟಿದವು. 2025ರಲ್ಲಿ ಆ ನಿಯಮ ಬದಲಾಗಿ, 50 ವರ್ಷ ದಾಟಿದ ಗಾಡಿಗಳಿಗೆ ಬಾಗಿಲು ತೆರೆಯಿತು. ಮಾರನೆಯ ವಾರವೇ ಅವರು ಗ್ಯಾರೇಜಿಗೆ ಬಂದರು. 'ಈಗಲಾದರೂ ತರಿಸಿಕೊಡ್ತೀರಾ?' ಅಂತ ಕೇಳಿದರು.

ತರಿಸಿದೆವು. ಗಾಡಿ ಮುಂಬೈ ಬಂದರಿನಲ್ಲಿ ಇಳಿದು, ಕಸ್ಟಮ್ಸ್ ಮುಗಿಸಿ, ಟ್ರಕ್ಕಿನ ಬೆನ್ನೇರಿ ವಾಶಿ ಸೇತುವೆ ದಾಟಿ ನಮ್ಮ ಅಂಗಳಕ್ಕೆ ಬಂತು. ತಿಳಿ ನೀಲಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಮುಂದಿನ ಮಡ್‌ಗಾರ್ಡ್ ಮೇಲೆ ಎರಡು ಪುಟ್ಟ ಕ್ರೋಮ್ ಕನ್ನಡಿ. ಆ ಕಾಲದ ಜಪಾನ್ ಕಾರುಗಳಿಗೆ ಕನ್ನಡಿ ಇರುತ್ತಿದ್ದದ್ದು ಅಲ್ಲೇ. ಬಾಗಿಲ ಮೇಲೆ ಕೂರಿಸಲು ಅವರ ಸರ್ಕಾರ ಒಪ್ಪಿದ್ದು 1983ರಲ್ಲಿ. ಹಿರಿಯರು ಠಾಣೆಯಲ್ಲಿ ಲೋಕಲ್ ಬದಲಿಸಿ ತುರ್ಭೆಗೆ ಬಂದಿದ್ದರು. ಆ ಕನ್ನಡಿಯನ್ನು ಕರವಸ್ತ್ರದಿಂದ ಒರೆಸಿ, ಸುಮ್ನೆ ಅದರ ಪಕ್ಕ ನಿಂತುಕೊಂಡರು.

ನನ್ನ ತಮ್ಮ ಬಟ್ಟೆ ಸುತ್ತಿದ ಅಯಸ್ಕಾಂತ ತಂದು ಬಾಗಿಲ ಕೆಳಗಿನ ಪಟ್ಟಿಗೆ ಹಿಡಿದ. ಅಂಟಲಿಲ್ಲ. ಒಂದು ಗೇಣು ಹಿಂದೆ ಸರಿಸಿದ, ಟಕ್ ಅಂತ ಹಿಡಿಯಿತು. ಮತ್ತೆ ಮುಂದಕ್ಕೆ ತಂದ, ಜಾರಿ ಅವನ ಕೈಗೇ ಬಂತು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿದರೆ ತಗಡಿನ ಸದ್ದಿಲ್ಲ, ಮಣ್ಣಿನ ಗೋಡೆ ಬಡಿದ ಹಾಗೆ ಡಬ್ ಡಬ್. ಉದ್ದಕ್ಕೂ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಣ್ಣ ಹೊಡೆದಿದ್ದರು. ಗಾಡಿಯನ್ನು ಎತ್ತಿ ನೋಡಿದೆವು. ಅಡಿಗೆಲ್ಲ ಡಾಂಬರಿನಂಥ ಕಪ್ಪು ಲೇಪ, ಹೊಸದು. ಒಂದು ಕಡೆ ಚುಚ್ಚಿದಾಗ ಹಪ್ಪಳ ಮುರಿದ ಹಾಗೆ ತಗಡು ಉದುರಿತು. ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯ ಚಾಪೆ ಎತ್ತಿದರೆ ನಮ್ಮ ಗ್ಯಾರೇಜಿನ ನೆಲ ಕಾಣಿಸಿತು.

ಹಿರಿಯರಿಗೆ ಹೇಗೆ ಹೇಳುವುದು ಅಂತ ನಾವು ಮುಖ ಮುಖ ನೋಡಿಕೊಂಡೆವು. ಅವರೇ ಸ್ಟೂಲ್ ಎಳೆದುಕೊಂಡು ಕೂತು, 'ಮುಚ್ಚಿಡೋದು ಬೇಡಪ್ಪ, ಎಲ್ಲಾ ಕೆರೆದು ತೆಗೀರಿ, ನಾನೂ ನೋಡ್ತೀನಿ' ಅಂದರು. ಆ ಮಾತು ಇವತ್ತಿಗೂ ನಮ್ಮ ಕಿವಿಯಲ್ಲಿದೆ.

ರಾತ್ರಿ ಹರಾಜಿನ ಚೀಟಿಯನ್ನು ಮತ್ತೆ ತೆಗೆದೆವು. ಜಪಾನಿನ ಹರಾಜಿನಲ್ಲಿ ಪ್ರತಿ ಗಾಡಿಗೂ ಒಂದು ಚೀಟಿ ಇರುತ್ತದೆ. ಅದರಲ್ಲಿ ಗಾಡಿಯ ಚಿತ್ರ ಬರೆದು, ಎಲ್ಲಿ ಏನಾಗಿದೆ ಅಂತ ಅಕ್ಷರದಲ್ಲಿ ಗುರುತು ಹಾಕಿರುತ್ತಾರೆ. ಎ ಅಂದರೆ ಗೀರು, ಯು ಅಂದರೆ ತಗ್ಗು, ಡಬ್ಲ್ಯು ಅಂದರೆ ರಿಪೇರಿ ಮಾಡಿದ ಗುರುತು, ಎಸ್ ಅಂದರೆ ತುಕ್ಕು, ಸಿ ಅಂದರೆ ತುಕ್ಕು ತಿಂದು ತಗಡು ಹಾಳಾಗಿದೆ ಅಂತ. ಇವನ್ನೆಲ್ಲ ನಾವು ಓದಿದ್ದೆವು. ಆದರೆ ಮೂಲೆಯಲ್ಲಿ ಪರೀಕ್ಷಕರು ಕೈಯಲ್ಲಿ ಗೀಚಿದ ಒಂದು ಸಾಲಿತ್ತು. ನಮ್ಮ ಏಜೆಂಟ್ ಕಳಿಸಿದ ಅನುವಾದದಲ್ಲಿ ಆ ಸಾಲು ಇರಲಿಲ್ಲ. ಪುಣೆಯಲ್ಲಿ ಜಪಾನಿ ಭಾಷೆ ಕಲಿಸುವ ಪರಿಚಯದವರಿಗೆ ಚೀಟಿ ಕಳಿಸಿದೆವು. ಐದು ನಿಮಿಷದಲ್ಲಿ ಉತ್ತರ ಬಂತು: 'ಅಡಿಭಾಗದಲ್ಲಿ ತುಕ್ಕು.'

ಏಜೆಂಟ್ ಬಿಟ್ಟಿದ್ದು ತಪ್ಪು. ಆದರೆ ಆ ಸಾಲನ್ನು ಓದಿಸದೆ ದುಡ್ಡು ಕಳಿಸಿದವರು ನಾವು. ಗ್ರಾಹಕರು ನಂಬಿದ್ದು ಏಜೆಂಟನ್ನಲ್ಲ, ನಮ್ಮನ್ನು. ಆ ಸನ್ನಿಯ ಟಿಂಕರಿಂಗ್ ಕೆಲಸವನ್ನು ಪೂರ್ತಿ ನಮ್ಮ ಖರ್ಚಿನಲ್ಲೇ ಮಾಡುತ್ತಿದ್ದೇವೆ.

ಹಳೇ ಗಾಡಿ ಅಂದಮೇಲೆ ತುಕ್ಕು ಇರಲ್ವಾ, ವೆಲ್ಡಿಂಗ್ ಮಾಡಿದರೆ ಆಯ್ತಲ್ವಾ ಅಂತ ಕೆಲವರು ಕೇಳಿದ್ದೀರಿ. ಇಲ್ಲಿ ದುಡ್ಡಿಗಿಂತ ದೊಡ್ಡ ವಿಷಯ ಒಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳ ನೋಂದಣಿಗೆ ಬೇರೆಯೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್ (ಅಂದರೆ ಗಾಡಿಯ ತಗಡಿನ ಗೂಡು), ಎಂಜಿನ್‌ನಲ್ಲಿ ಬದಲಾವಣೆ ಮಾಡಿರಬಾರದು. ಅಂದರೆ, ಅಡಿ ಪೂರ್ತಿ ತಿಂದುಹೋದ ಗಾಡಿ ಬಂದರೆ ಅದನ್ನು ನಮಗೆ ಬೇಕಾದ ಹಾಗೆ ಕತ್ತರಿಸಿ ಹೊಸದು ಕಟ್ಟುವುದಕ್ಕೆ ಬರುವುದಿಲ್ಲ. ಮೂಲ ಅಳತೆ, ಮೂಲ ಆಕಾರ ಬಿಡದೆ ಒಂದೊಂದೇ ತುಂಡು ಕೂರಿಸಬೇಕು. ಮೇಲಿನ ಬಣ್ಣ, ಸೀಟು, ಕಾರ್ಬ್ಯುರೇಟರ್ ಎಲ್ಲಾ ಇಲ್ಲೇ ಸರಿ ಮಾಡಬಹುದು. ಶೆಲ್ ಗಟ್ಟಿಯಾಗಿಯೇ ಬರಬೇಕು.

ಜಪಾನಿನ ಎಲ್ಲಾ ಗಾಡಿಯೂ ಹೀಗಿರುವುದಿಲ್ಲ. ಹೊಕ್ಕೈಡೊ, ನಿಗಾಟಾದಂಥ ಹಿಮ ಬೀಳುವ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪಿನಂಥ ರಾಸಾಯನಿಕ ಎರಚುತ್ತಾರೆ. ಅದು ಅಡಿಗೆ ಸಿಡಿದು ತಗಡನ್ನು ತಿನ್ನುತ್ತದೆ. ಬಿಸಿ ಸೀಮೆಯ ಗಾಡಿ ಅದೇ ವಯಸ್ಸಿನದಾದರೂ ಸಾಮಾನ್ಯವಾಗಿ ಗಟ್ಟಿಯಿರುತ್ತದೆ. ಆದ್ದರಿಂದ ಗಾಡಿ ಯಾವ ಊರಿನಲ್ಲಿ ಓಡಿದ್ದು ಅಂತಲೂ ಇನ್ನು ಕೇಳಿ ಬರೆದುಕೊಳ್ಳುತ್ತೇವೆ. ಇಲ್ಲಿ ನಮ್ಮ ಮುಂಬೈಯ ಮಳೆ, ಕಡಲ ಗಾಳಿ ಬೇರೆ ಕಾದಿರುತ್ತದೆ. ಅಲ್ಲಿ ಶುರುವಾದ ತುಕ್ಕು ಇಲ್ಲಿ ಎರಡು ಮಳೆಗಾಲದಲ್ಲಿ ಊಟ ಮುಗಿಸುತ್ತದೆ.

ಇನ್ನು ಹೊಸ ಪದ್ಧತಿ. ಮೊದಲು ತಪಾಸಣೆ ಶುಲ್ಕ ಅಂತ ₹30,000 ಕೊಡಬೇಕು. ಅಲ್ಲಿನ ಮೆಕ್ಯಾನಿಕ್ ಬಾಗಿಲ ಕೆಳಪಟ್ಟಿ, ಸ್ಟೆಪ್ನಿ ಗುಂಡಿ, ಬ್ಯಾಟರಿ ಕೂರುವ ತಟ್ಟೆ, ಕಾಲಿಡುವ ಜಾಗದ ಚಾಪೆಯ ಕೆಳಗೆ, ಇಷ್ಟನ್ನೂ ಹತ್ತಿರದಿಂದ ಫೋಟೊ ತೆಗೆಯುತ್ತಾರೆ. ಚೀಟಿಯ ಪ್ರತಿ ಸಾಲನ್ನೂ ಪುಣೆಯ ನಮ್ಮ ಪರಿಚಯದವರು ಕನ್ನಡಕ್ಕೋ ಮರಾಠಿಗೋ ಬರೆದುಕೊಡುತ್ತಾರೆ. ನೋಡಿ ನೀವು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ತಪಾಸಣೆಗೆ ಖರ್ಚಾದ ಹಣ ಮಾತ್ರ ವಾಪಸ್ ಬರುವುದಿಲ್ಲ. ಬೇಕು ಅಂದರೆ ಗಾಡಿಯ ಬೆಲೆ ಕಟ್ಟಿ. ಹಡಗಿನ ಬಾಡಿಗೆ ಮತ್ತು ವಿಮೆ ಗಾಡಿ ಹಡಗು ಹತ್ತುವಾಗ, ಸುಂಕ ಗಾಡಿ ಇಲ್ಲಿಗೆ ಬಂದಾಗ.

'ಎಲ್ಲಾ ಸೇರಿ ಇಷ್ಟು' ಅನ್ನುವ ಮೊತ್ತ ಕೈಬಿಟ್ಟಿದ್ದೂ ಇದೇ ಕಾರಣಕ್ಕೆ. ಒಂದೇ ಮೊತ್ತ ಹೇಳಿದಾಗ ನಿಮಗೆ ಒಳಗಿನ ಲೆಕ್ಕ ಕಾಣುವುದಿಲ್ಲ. ಸುಂಕ ಬೀಳುವುದು ಬರೀ ಗಾಡಿಯ ಬೆಲೆ ಮೇಲಲ್ಲ. ಬೆಲೆ, ಹಡಗು ಬಾಡಿಗೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ. ತೆರಿಗೆಗಳೆಲ್ಲ ಸೇರಿದರೆ ಗಾಡಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಹಣ ಸರ್ಕಾರಕ್ಕೇ ಹೋಗುತ್ತದೆ. ನೀವು ಕೊಂಡ ಬೆಲೆ ಕಡಿಮೆಯಾಯಿತು ಅಂತ ಕಸ್ಟಮ್ಸ್ ಅಧಿಕಾರಿಗೆ ಅನ್ನಿಸಿದರೆ ಅವರು ಬೇರೆ ಬೆಲೆ ಲೆಕ್ಕ ಹಾಕಲೂಬಹುದು. ಇದನ್ನು ಮೊದಲೇ ತಿಳಿದು ಮನೆಯಲ್ಲಿ ಕೂತು ಮಾತಾಡಿ. ಇನ್ನು ಮುಂದೆ ಹಡಗಿನ ಬಿಲ್ಲು, ಸುಂಕದ ಚಲನ್, ಎಲ್ಲದರ ಮೂಲ ಪ್ರತಿ ನಿಮಗೆ ಕೊಡುತ್ತೇವೆ. ನಮ್ಮ ಕೂಲಿ ಬೇರೆ ಚೀಟಿಯಲ್ಲಿ ಬರುತ್ತದೆ.

ಕಾಗದದ ವಿಷಯದಲ್ಲಿ ಒಂದು ಎಚ್ಚರ. ಪುಣೆಯ ಒಬ್ಬರು 1975ರ ಮಾಡೆಲ್ ಟೊಯೋಟಾ ಸೆಲಿಕಾ ಕಾರೊಂದನ್ನು ತಾವೇ ಹುಡುಕಿ, ಮಾತುಕತೆ ಮುಗಿಸಿ ನಮ್ಮ ಹತ್ತಿರ ಬಂದಿದ್ದರು. ರಫ್ತು ಪ್ರಮಾಣಪತ್ರ ನೋಡಿದರೆ ಮೊದಲ ನೋಂದಣಿ ಶೋವಾ 51. ಜಪಾನಿನ ಕಾಗದಗಳಲ್ಲಿ ವರ್ಷವನ್ನು ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ ಬರೆಯುತ್ತಾರೆ. ಶೋವಾ ವರ್ಷಕ್ಕೆ 25 ಕೂಡಿಸಿದರೆ ನಮ್ಮ ಲೆಕ್ಕದ ಇಸವಿಯ ಕೊನೆಯ ಎರಡು ಅಂಕಿ ಸಿಗುತ್ತದೆ. 51ಕ್ಕೆ 25 ಕೂಡಿಸಿ: 76, ಅಂದರೆ 1976. ಆಗಿನ್ನೂ ಅದಕ್ಕೆ 50 ತುಂಬಿರಲಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನ ಲೆಕ್ಕಕ್ಕಿಲ್ಲ, ಮೊದಲು ನೋಂದಣಿಯಾದ ದಿನದಿಂದ 50 ಎಣಿಸಬೇಕು. ಆತುರಪಟ್ಟು ಹಡಗು ಹತ್ತಿಸಿದ್ದರೆ ಗಾಡಿ ಬಂದರಿನಲ್ಲೇ ಸಿಕ್ಕಿಕೊಂಡು, ದಿನಕ್ಕಿಷ್ಟು ಅಂತ ಬಾಡಿಗೆ ಬೆಳೆಯುತ್ತಿತ್ತು. ಆದ್ದರಿಂದ ಎಷ್ಟೇ ಒಳ್ಳೇ ಗಾಡಿಯಾಗಲಿ, ಆ ಕಾಗದ ಕಣ್ಣಾರೆ ನೋಡದೆ ನಾವು ಮುಂದುವರಿಯುವುದಿಲ್ಲ.

ಹುಡುಗರು ದಿನಾ ಫೋನ್ ಮಾಡಿ ಸ್ಕೈಲೈನ್ ಆರ್34, ಹಳೇ ಸುಪ್ರಾದಂಥ ಜಪಾನಿನ ಸ್ಪೋರ್ಟ್ಸ್ ಕಾರು ಕೇಳುತ್ತಾರೆ. ಅಮೆರಿಕದಲ್ಲಿ 25 ವರ್ಷ ದಾಟಿದರೆ ತರಿಸುತ್ತಾರಲ್ಲ, ನಮಗ್ಯಾಕೆ ಆಗಲ್ಲ ಅಂತ ಅವರ ಪ್ರಶ್ನೆ. ಅಲ್ಲಿನ ನಿಯಮ ಅಲ್ಲಿಗೆ. ನಮ್ಮಲ್ಲಿ ಬಳಸಿದ ಕಾರು ತಯಾರಾಗಿ 3 ವರ್ಷ ಮೀರಿರಬಾರದು, ಇಲ್ಲವೇ ಮೊದಲ ನೋಂದಣಿಯಾಗಿ 50 ದಾಟಿರಬೇಕು. ಆರ್34 ಜಿಟಿ-ಆರ್ ಬಂದದ್ದೇ 1999ರಲ್ಲಿ. ಅಡ್ಡದಾರಿ ಹೇಳಿಕೊಡುವವರು ಇದ್ದಾರೆ. ಬಿಡಿಭಾಗ ಅಂತ ತೋರಿಸಿ ತಂದು ಇಲ್ಲಿ ಜೋಡಿಸೋಣ ಅನ್ನುತ್ತಾರೆ. ಆ ಕೆಲಸಕ್ಕೆ ನಾವು ಕೈ ಹಾಕುವುದಿಲ್ಲ, ನೀವೂ ಹಾಕಬೇಡಿ. ಗಾಡಿ ಜಪ್ತಿಯಾದರೆ ದುಡ್ಡು, ಕನಸು ಎರಡೂ ಹೋಗುತ್ತದೆ. ತರಿಸಿ ಲಾಭಕ್ಕೆ ಮಾರುತ್ತೇವೆ ಅನ್ನುವವರಿಗೂ ನಾವು ಗಾಡಿ ತರಿಸಿಕೊಡುವುದಿಲ್ಲ.

ವಿಂಟೇಜ್ ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ಪಕ್ಕ 'ವಿಎ' ಅಂತ ಬರುತ್ತದೆ. ನೋಂದಣಿಗೆ ₹20,000, ಹತ್ತು ವರ್ಷಕ್ಕೆ. ಈ ಗಾಡಿಯನ್ನು ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಮಕ್ಕಳನ್ನು ಕೂರಿಸಿಕೊಂಡು ಪ್ರತಿ ವಾರ ಲೋಣಾವಳಕ್ಕೆ ಹೋಗುವ ಆಸೆಯಿದ್ದರೆ ಈಗಲೇ ಹೇಳಿ, ನಿಮಗೆ ಬೇರೆ ಗಾಡಿ ಸೂಚಿಸುತ್ತೇವೆ.

ಇನ್ನೊಂದು ಕೆಲಸವನ್ನು ಕಡ್ಡಾಯ ಮಾಡಿದ್ದೇವೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥೆನಾಲ್ ಇರುತ್ತದೆ. ಐವತ್ತು ವರ್ಷದ ಹಿಂದಿನ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದನ್ನು ತಡೆದುಕೊಳ್ಳುವುದಿಲ್ಲ, ಉಬ್ಬಿ ಬಿರಿಯುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ಎಲ್ಲಾ ಪೈಪು ಬದಲಿಸದೆ ಗಾಡಿಯ ಕೀಲಿ ನಿಮ್ಮ ಕೈಗೆ ಕೊಡುವುದಿಲ್ಲ.

ಈಗಾಗಲೇ ಮುಂಗಡ ಕೊಟ್ಟವರ ವಿಷಯ. ನಿಮ್ಮ ಗಾಡಿ ಇನ್ನೂ ಕೊಂಡಿಲ್ಲದಿದ್ದರೆ ಪೂರ್ತಿ ಹಣ ವಾಪಸ್ ಪಡೆಯಬಹುದು. ಹೊಸ ಪದ್ಧತಿಗೆ ಒಪ್ಪುವುದಾದರೆ ಅದರಲ್ಲೇ ತಪಾಸಣೆ ಶುಲ್ಕ ಮುರಿದುಕೊಂಡು, ಉಳಿದದ್ದನ್ನು ಈಗಲೇ ಹಿಂದಿರುಗಿಸುತ್ತೇವೆ. ಪತ್ರ ತಲುಪಿದ 15 ದಿನದೊಳಗೆ ಒಂದು ಮಾತು ತಿಳಿಸಿ. ಈಗಾಗಲೇ ಹಡಗಿನಲ್ಲಿರುವ ಎರಡು ಗಾಡಿಗಳಿಗೆ ನಾವು ಹೇಳಿದ್ದ ಹಳೇ ಮೊತ್ತವೇ ನಿಲ್ಲುತ್ತದೆ. ಅಡಿಯಲ್ಲಿ ತುಕ್ಕು ಸಿಕ್ಕರೆ ಸನ್ನಿಗೆ ಮಾಡಿದ ಹಾಗೆಯೇ ನಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡುತ್ತೇವೆ.

ಸನ್ನಿ ಹೇಗಿದೆ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಎಡಗಡೆಯ ಕೆಳಪಟ್ಟಿ ಮುಗಿದಿದೆ, ಬಲಗಡೆಯದು ನಡೆಯುತ್ತಿದೆ. ಎಂಜಿನ್ ಚೆನ್ನಾಗಿದೆ. ಇದರ ತಮ್ಮನಂಥ ಸನ್ನಿ ಟ್ರಕ್ ಜಪಾನಿನಲ್ಲಿ 1994ರವರೆಗೂ ತಯಾರಾಗುತ್ತಿತ್ತು, ಹಾಗಾಗಿ ಗ್ಯಾಸ್ಕೆಟ್, ವಾಟರ್ ಪಂಪ್‌ಗೆ ಕಷ್ಟವಾಗಲಿಲ್ಲ. ಹಿರಿಯರು ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಬಂದು ಅದೇ ಸ್ಟೂಲಿನ ಮೇಲೆ ಕೂರುತ್ತಾರೆ. ಗಾಡಿ ಈಗಲೂ ಲಿಫ್ಟ್ ಮೇಲೇ ಇದೆ. ತರಿಸುವ ಯೋಚನೆ ಇರುವವರು ಒಂದು ಭಾನುವಾರ ಬನ್ನಿ, ಅಡಿಗೆ ಹೋಗಿ ನಿಮ್ಮ ಕಣ್ಣಿಂದಲೇ ನೋಡಿ. ಅಯಸ್ಕಾಂತ ಮೇಜಿನ ಮೇಲಿರುತ್ತದೆ.

ನಿಮ್ಮವರು,
ತುರ್ಭೆ ಗ್ಯಾರೇಜಿನ ಅಣ್ಣ ತಮ್ಮ