ಪ್ರಶ್ನೆ ಕೇಳುವವರಿಗೂ ಈ ಕಾನೂನು ಅನ್ವಯಿಸಲಿ

ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ,
ಮಹಾರಾಷ್ಟ್ರ ಸರ್ಕಾರ, ಪುಣೆ

ಮಾನ್ಯ ಆಯುಕ್ತರೆ,

ಮಾರುಕಟ್ಟೆ ಸಮೀಕ್ಷೆಯ ಪ್ರಶ್ನಾವಳಿಗಳನ್ನು ಮೊಬೈಲಿಗೂ ಕಂಪ್ಯೂಟರಿಗೂ ಹೊಂದಿಸಿಕೊಡುವುದು ನನ್ನ ಕೆಲಸ. ನಮ್ಮ ಕಸುಬಿನಲ್ಲಿ ಇದನ್ನು ಸ್ಕ್ರಿಪ್ಟಿಂಗ್ ಎನ್ನುತ್ತಾರೆ. ನಾವು ಮಾಡುವ ಈ ಪ್ರಶ್ನಾವಳಿಗಳನ್ನು ಎಷ್ಟೋ ಅಂಗವಿಕಲರು ತುಂಬಲಾರರು; ಅದನ್ನು ಹೇಳಲೆಂದೇ ಈ ಪತ್ರ. ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂಥ ಸಮೀಕ್ಷೆಗಳನ್ನು ತಯಾರಿಸುವವರಲ್ಲಿ ಪುಣೆಯ ಕನ್ನಡಿಗರಿದ್ದಾರೆ, ಉತ್ತರಿಸುವವರಲ್ಲಿ ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರಿದ್ದಾರೆ. ಅವರೂ ಓದಲಿ.

ಕಾನೂನು ತಮಗೆ ತಿಳಿಯದ್ದೇನಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 46ನೆಯ ಕಲಮು, ಸೇವೆಗಳು ಅಂಗವಿಕಲರಿಗೂ ಎಟುಕುವಂತಿರಬೇಕೆಂಬ ನಿಯಮಗಳಿಂದ ಖಾಸಗಿ ಸೇವಾದಾತರನ್ನೂ ಹೊರಗಿಟ್ಟಿಲ್ಲ. ಮಾಹಿತಿ ತಂತ್ರಜ್ಞಾನ ಎಲ್ಲರ ಬಳಕೆಗೂ ಒದಗುವಂತಿರಲು ಐಎಸ್ 17802 ಎಂಬ ಭಾರತೀಯ ಮಾನದಂಡವೂ ಇದೆ. ಇಂಥ ನಿಯಮಗಳನ್ನು ಬರಿಯ ಸಲಹೆಯ ಮಟ್ಟದಲ್ಲಿ ಇಟ್ಟರೆ ಸಾಲದು, ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಹೇಳಿತು. 2025ರ ಏಪ್ರಿಲ್ 30ರ ತೀರ್ಪು ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆ ಕೈಗೆಟುಕುವುದು ಸಂವಿಧಾನದ 21ನೆಯ ವಿಧಿ ಕೊಡುವ ಬದುಕುವ ಹಕ್ಕಿನದೇ ಭಾಗ ಎಂದಿತು. ಗುರುತು ಖಚಿತಪಡಿಸುವ ಕೆವೈಸಿಗಾಗಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದ ಆಸಿಡ್ ದಾಳಿ ಸಂತ್ರಸ್ತರ ಅರ್ಜಿಯಿಂದ ಹೊರಟ ತೀರ್ಪು ಅದು. ಹೊಸ ಆ್ಯಪ್ ಬಿಡುಗಡೆಗೆ ಮುನ್ನ ನಡೆಸುವ ಪರೀಕ್ಷೆಯಲ್ಲಿ ಅಂಧರೂ ಇರಬೇಕೆಂಬ ಸೂಚನೆ ಅದರಲ್ಲಿದೆ. ಆ ಪರೀಕ್ಷೆಯನ್ನು ಕಂಪನಿಗಳು ಎಷ್ಟೋ ಸಲ ವಹಿಸಿಕೊಡುವುದು ನಮ್ಮಂಥವರಿಗೇ. ಅಂಧರನ್ನು ಕರೆಯಲು ನಾವು ಕಳುಹಿಸುವ ಅರ್ಜಿಯನ್ನೇ ಅಂಧರು ತುಂಬಲಾರರು. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗೆ.

ಒಳಗೆ ನಡೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮಗೆಲ್ಲ ಗ್ರಿಡ್ ಪ್ರಶ್ನೆಯ ಮೇಲೆ ಬಲು ಪ್ರೀತಿ. ಎಡಗಡೆ ಹತ್ತು ಸಾಬೂನುಗಳ ಹೆಸರು, ಮೇಲುಗಡೆ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಕಾಲಂ. ಕಣ್ಣಿದ್ದವರಿಗೆ ಅದೊಂದು ಕೋಷ್ಟಕ. ಸರಿಯಾಗಿ ಹೆಣೆಯದಿದ್ದರೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಕಿವಿಗೊಟ್ಟವರಿಗೆ ‘ರೇಡಿಯೋ ಬಟನ್, ಆಯ್ಕೆಯಾಗಿಲ್ಲ’ ಎಂಬ ಮಾತು ಐವತ್ತು ಸಲ. ಯಾವ ಸಾಬೂನು, ಯಾವ ಕಾಲಂ ಎಂಬ ಸುಳಿವೇ ಇರುವುದಿಲ್ಲ. ಇಷ್ಟದ ಕ್ರಮದಲ್ಲಿ ಚಿತ್ರಗಳನ್ನು ಎಳೆದು ಜೋಡಿಸಿ ಎನ್ನುವ ಪ್ರಶ್ನೆ, ಮೌಸ್ ಹಿಡಿಯಲಾಗದವರಿಗೆ ಅಲ್ಲಿಗೇ ಮುಗಿಯಿತು. ಗಮನವಿಟ್ಟು ಉತ್ತರಿಸುತ್ತಿದ್ದೀರಾ ಎಂದು ತಿಳಿಯಲು ‘ಹಸಿರು ಗುಂಡಿ ಒತ್ತಿ’ ಎನ್ನುತ್ತೇವೆ. ಬಣ್ಣಗುರುಡಿನವರು ಅಲ್ಲಿ ತಪ್ಪಿದರೆ ಅವರ ಉತ್ತರಗಳೆಲ್ಲ ಕಸದ ಬುಟ್ಟಿಗೆ. ನಿಧಾನವಾದರೆ ಪುಟ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಿವುಡರ ಪಾಡೂ ಇದೇ: ಸಮೀಕ್ಷೆ ಫೋನಿನಲ್ಲಿ, ಗುಂಪು ಚರ್ಚೆ ಅಡಿಬರಹವಿಲ್ಲದ ವಿಡಿಯೋದಲ್ಲಿ.

ಹೀಗೆ ಕಳಚಿ ಬಿದ್ದವರೆಲ್ಲ ವರದಿಯಲ್ಲಿ ‘ಅಪೂರ್ಣ’ ಎಂಬ ಒಂದೇ ಸಾಲಿನೊಳಗೆ ಅಡಗುತ್ತಾರೆ. ಅವರು ಬಿಟ್ಟು ಹೋದರೇ, ನಾವು ಬಿಡಿಸಿ ಕಳುಹಿಸಿದೆವೇ ಎಂದು ಕೇಳುವ ಕಾಲಂ ಇಲ್ಲ. ಕೊನೆಗೆ ಗ್ರಾಹಕ ಕಂಪನಿ ‘ನಮ್ಮ ಬಳಕೆದಾರರಲ್ಲಿ ಅಂಗವಿಕಲರು ಇಲ್ಲವೆಂದೇ ಕಾಣುತ್ತದೆ’ ಎನ್ನುತ್ತದೆ, ಪೊಟ್ಟಣವೂ ಆ್ಯಪೂ ಹಾಗೆಯೇ ತಯಾರಾಗುತ್ತವೆ. 2011ರ ಜನಗಣತಿಯೇ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತ್ತು; ಮಹಾರಾಷ್ಟ್ರದ ಪಾಲು 29 ಲಕ್ಷಕ್ಕೂ ಮೇಲು.

ಕನ್ನಡದ ಪ್ರಶ್ನಾವಳಿಗಳದು ಇನ್ನೊಂದು ರಾಮಾಯಣ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾಗಿ ಬಂದ ಅನುವಾದವನ್ನು, ಎಲ್ಲ ಯಂತ್ರಗಳೂ ಗುರುತಿಸುವ ಯೂನಿಕೋಡ್ ಅಕ್ಷರಗಳಿಗೆ ಬದಲಿಸುವ ಗೋಜಿಗೆ ಹೋಗದೆ, ಚಿತ್ರ ಮಾಡಿ ಅಂಟಿಸಿಬಿಡುತ್ತಾರೆ. ಚಿತ್ರವನ್ನು ಯಂತ್ರ ಓದುವುದಿಲ್ಲ. ಯೂನಿಕೋಡ್ ಇದ್ದ ಕಡೆಯೂ ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ನಮೂದಿಸುವುದು ಮರೆತುಹೋಗುತ್ತದೆ. ಒಂದೇ ಸಾಲಿನ ಕೆಲಸ ಅದು. ನಮೂದಿಸದಿದ್ದರೆ ಇಂಗ್ಲಿಷ್ ಧ್ವನಿ ಕನ್ನಡದ ಮೇಲೆ ಎಡವುತ್ತದೆ, ಇಲ್ಲವೇ ಮೌನವಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶವಿರಬೇಕು ಎನ್ನುತ್ತದೆ. ಓದಲಾಗದ ಚಿತ್ರದ ಕೆಳಗೆ ‘ಒಪ್ಪಿದ್ದೇನೆ’ ಒತ್ತಿಸಿಕೊಂಡರೆ ಅದು ಯಾವ ಸೀಮೆಯ ಒಪ್ಪಿಗೆ?

ನಮ್ಮವರ ಆಕ್ಷೇಪಗಳನ್ನೂ ಹೇಳದಿದ್ದರೆ ಅನ್ಯಾಯವಾದೀತು. ವರ್ಷಗಟ್ಟಲೆ ಒಂದೇ ರೂಪದಲ್ಲಿ ನಡೆದುಬಂದ ಸಮೀಕ್ಷೆಯಲ್ಲಿ ಗ್ರಿಡ್ ಒಡೆದು ಬಿಡಿ ಪ್ರಶ್ನೆ ಮಾಡಿದರೆ ಉತ್ತರಗಳ ಸರಾಸರಿಯೇ ಸರಿದುಬಿಡಬಹುದು, ಹಿಂದಿನ ವರ್ಷದ ಜೊತೆ ಹೋಲಿಸಲಾಗದು. ಇದು ನಿಜವಾದ ತೊಡಕು. ಆದರೆ ಜನ ಮೊಬೈಲಿಗೆ ಹೊರಳಿದಾಗ ಇದೇ ಗ್ರಿಡ್ಡನ್ನು ಒಡೆದವರು ನಾವೇ. ಎರಡು ರೂಪಗಳನ್ನೂ ಕೆಲಕಾಲ ಜೊತೆಯಾಗಿ ಓಡಿಸಿ ವ್ಯತ್ಯಾಸ ಅಳೆದುಕೊಂಡೆವು. ಇನ್ನೊಂದು ವಾದ: ಲಾಂಛನ ನೋಡಿ ಕಂಪನಿಯನ್ನು ಗುರುತಿಸಿ ಎಂದು ಕೇಳುವಾಗ, ಸ್ಕ್ರೀನ್ ರೀಡರ್ ಓದಲೆಂದು ಚಿತ್ರಕ್ಕೆ ಬದಲಿ ಪಠ್ಯ ಕೊಟ್ಟರೆ ಉತ್ತರವನ್ನೇ ಹೇಳಿಕೊಟ್ಟಂತಾಗುತ್ತದೆ. ಜಾಲತಾಣಗಳು ಅಂಗವಿಕಲರಿಗೂ ಎಟುಕಲೆಂದು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನು ಮೊದಲೇ ಯೋಚಿಸಿದೆ. ಪರೀಕ್ಷೆಯೇ ಕೆಡುವಂತಿದ್ದರೆ, ಇದು ಏನು ಎಂಬ ಸ್ಥೂಲ ವಿವರಣೆ ಸಾಕು ಎಂದು ವಿನಾಯಿತಿ ಕೊಟ್ಟಿದೆ. ಖರ್ಚಿನ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. 2025ರ ಜೂನ್ 28ರಿಂದ ಸೇವೆಗಳು ಅಂಗವಿಕಲರಿಗೂ ಎಟುಕಬೇಕೆನ್ನುವ ಯುರೋಪಿನ ಸುಗಮ್ಯತಾ ಕಾನೂನು ಅನ್ವಯವಾಗುತ್ತಿದೆ. ಅಲ್ಲಿನ ಗ್ರಾಹಕರು ಕೇಳಿದರೆ ಪುಣೆಯ ಇದೇ ಮೇಜುಗಳ ಮೇಲೆ ಎಲ್ಲವೂ ಆಗುತ್ತದೆ.

ದಂಡ ಹಾಕಿ ಎಂದು ನಾನು ಕೇಳುತ್ತಿಲ್ಲ. ಮೊದಲ ತಪ್ಪಿಗೆ ಹತ್ತು ಸಾವಿರ ರೂಪಾಯಿಯವರೆಗಿನ ದಂಡ ಯಾರ ನಿದ್ದೆಯನ್ನೂ ಕೆಡಿಸದು. ಕಾಯ್ದೆಯ 80ನೆಯ ಕಲಮು ತಮಗೆ ಸ್ವಯಂಪ್ರೇರಿತ ವಿಚಾರಣೆಯ ಅಧಿಕಾರ ಕೊಟ್ಟಿದೆ. ಆರಂಭ ಸರ್ಕಾರದಿಂದಲೇ ಆಗಲಿ. ರಾಜ್ಯದ ಇಲಾಖೆಗಳು ಯೋಜನೆಗಳ ಫಲಾನುಭವಿ ಸಮೀಕ್ಷೆಯನ್ನು ಟೆಂಡರ್ ಕರೆದು ಖಾಸಗಿ ಸಂಸ್ಥೆಗಳಿಗೆ ಕೊಡುವಾಗ ಐಎಸ್ 17802 ಪಾಲನೆಯನ್ನು ಷರತ್ತಾಗಿ ಸೇರಿಸುವಂತೆ ಶಿಫಾರಸು ಮಾಡಿ. ತಾವು ಶಿಫಾರಸು ಮಾಡಿದರೆ, ಏನು ಕ್ರಮ ಕೈಗೊಂಡೆವೆಂದು ಅವರು ಮೂರು ತಿಂಗಳೊಳಗೆ ತಮಗೆ ತಿಳಿಸಬೇಕೆಂದು 81ನೆಯ ಕಲಮು ಹೇಳುತ್ತದೆ. ಕ್ಷೇತ್ರಕ್ಕೆ ಇಳಿಯುವ ಮುನ್ನ ಮರಾಠಿ, ಕನ್ನಡ, ಉರ್ದು ಪ್ರಶ್ನಾವಳಿಗಳನ್ನು ಸ್ಕ್ರೀನ್ ರೀಡರ್ ಬಳಸುವವರಿಂದಲೇ, ಸಂಭಾವನೆ ಕೊಟ್ಟು, ಪರೀಕ್ಷಿಸಬೇಕು. ಅರ್ಧಕ್ಕೆ ನಿಂತವರ ಲೆಕ್ಕವನ್ನು, ಎಷ್ಟನೆಯ ಪ್ರಶ್ನೆಯಲ್ಲಿ ನಿಂತರು ಎಂಬುದರ ಸಮೇತ, ವರದಿಯಲ್ಲಿ ಕೊಡಬೇಕು. ಆ ಷರತ್ತಿನ ಕರಡು ಸಿದ್ಧವಾದಾಗ ಕನ್ನಡದ ನಮೂನೆ ಪ್ರಶ್ನಾವಳಿಯೊಂದನ್ನು ಮಾಡಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪುಣೆಯ ಒಬ್ಬ ಸಮೀಕ್ಷಾ ನೌಕರ