ಅಪ್ಪನ ಕೋವಿ, ಪಕ್ಕದ ಮನೆಯ ಕೋವಿ

ಡೆನ್ವರ್, ಕೊಲೊರಾಡೊ
ಅಕ್ಟೋಬರ್ 12, 2025

ಪ್ರೀತಿಯ ಅಮ್ಮ, ಅಣ್ಣ,

ಅಮ್ಮ, ಹೋದ ವಾರ ಫೋನಿನಲ್ಲಿ ನೀನು ಕೇಳಿದ ಮಾತಿಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಠಾಣೆಯಲ್ಲಿರುವ ಅವರ ಕೋವಿ ಏನು ಮಾಡೋಣ ಅಂತ ನೀನು ಕೇಳಿದ್ದೆ. ನಾನು ಸುಮ್ನೆ "ಅಣ್ಣ ನೋಡಿಕೊಳ್ತಾನೆ ಬಿಡು" ಅಂದುಬಿಟ್ಟೆ. ಈ ಸಲ ಆಯುಧ ಪೂಜೆಯಲ್ಲಿ ಕತ್ತಿ, ಗುದ್ದಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಎಲ್ಲಕ್ಕೂ ಕುಂಕುಮ ಇಟ್ಟೆವು, ಕೋವಿ ಜಾಗ ಮಾತ್ರ ಖಾಲಿ ಇತ್ತು ಅಂತ ನೀನು ಹೇಳಿದ್ದು ಮನಸ್ಸಿನಲ್ಲೇ ಉಳಿದಿದೆ. ನಿನ್ನೆ ಇಲ್ಲಿ ಒಂದು ಕೆಲಸಕ್ಕೆ ಹೋಗಿದ್ದೆ. ಅದನ್ನು ಹೇಳಿದರೆ ನನ್ನ ಉತ್ತರವೂ ಸಿಗುತ್ತದೆ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಕಾಗದ.

ಪಕ್ಕದ ಮನೆಯ ಅಜ್ಜಿ ನಿನಗೆ ಗೊತ್ತಲ್ಲ, ವಿಡಿಯೋದಲ್ಲಿ ನಿನಗೆ ಕೈ ಬೀಸುತ್ತಾರಲ್ಲ, ಅವರು. ಗಂಡ ಹೋಗಿ ಎರಡು ವರ್ಷ. ಅವರ ಮನೆಯಲ್ಲಿ ಎರಡು ಕೋವಿ ಉಳಿದಿತ್ತು. ಒಂದು ಬೇಟೆಯ ಜೋಡುನಳಿಗೆ, ಇನ್ನೊಂದು ಹಾಸಿಗೆ ಪಕ್ಕದ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ ರಿವಾಲ್ವರ್. ಈ ರಾಜ್ಯದಲ್ಲಿ ಮನೆಯಲ್ಲಿ ಕೋವಿ ಇಟ್ಟುಕೊಳ್ಳೋಕೆ ನಮ್ಮ ಹಾಗೆ ಲೈಸೆನ್ಸು ಬೇಕಿಲ್ಲ. ಗಂಡ ತೀರಿಕೊಂಡರೆ ಠಾಣೆಗೆ ಒಪ್ಪಿಸು ಅಂತ ಯಾರೂ ಹೇಳುವುದೂ ಇಲ್ಲ. ಬಟ್ಟೆ, ಕನ್ನಡಕ, ಕೋವಿ, ಎಲ್ಲ ಮನೆಯಲ್ಲೇ ಉಳಿಯುತ್ತವೆ.

ಅಜ್ಜಿಗೆ ಒಬ್ಬ ಮೊಮ್ಮಗ, ಹೈಸ್ಕೂಲು. ಈ ವರ್ಷ ಹುಡುಗ ತುಂಬ ಮಂಕಾಗಿದ್ದಾನೆ. ವಾರಕ್ಕೆ ಎರಡು ರಾತ್ರಿ ಅಜ್ಜಿ ಮನೆಯಲ್ಲೇ ಮಲಗುತ್ತಾನೆ. "ಆ ಡ್ರಾಯರ್ ನೆನಪಾದರೆ ನನಗೆ ನಿದ್ದೆ ಬರಲ್ಲ" ಅಂದರು. ಅಂಗಡಿಗೆ ಮಾರಬಹುದಲ್ಲ ಅಂದೆ. "ಇನ್ನೊಬ್ಬರ ಮನೆಯ ಡ್ರಾಯರಿಗೆ ಹೋಗುತ್ತೆ ಅಷ್ಟೆ" ಅಂದರು. ನಿನ್ನೆ ಒಂದು ಚರ್ಚಿನ ಅಂಗಳದಲ್ಲಿ ಕೋವಿ ಬೈಬ್ಯಾಕ್ ಇತ್ತು. ಕಾರಿನಲ್ಲಿ ಕರೆದುಕೊಂಡು ಹೋಗ್ತೀಯಾ ಅಂತ ಕೇಳಿದರು, ಹೋದೆ.

ಬೈಬ್ಯಾಕ್, ಅಂದರೆ "ವಾಪಸ್ ಕೊಳ್ಳೋದು", ಇಷ್ಟೇ. ಬೇಡವಾದ ಕೋವಿ ತಂದುಕೊಟ್ಟರೆ ಪ್ರತಿಯಾಗಿ ದಿನಸಿ ಅಂಗಡಿಯ ಗಿಫ್ಟ್ ಕಾರ್ಡ್ ಕೊಡುತ್ತಾರೆ. ಹೆಸರು, ವಿಳಾಸ ಕೇಳುವುದಿಲ್ಲ. ಕೆಲವು ಊರಲ್ಲಿ ಪೊಲೀಸರೇ ನಡೆಸುತ್ತಾರೆ, ಕೆಲವು ಕಡೆ ಚರ್ಚಿನವರು. ಇಲ್ಲಿ ಕೋವಿ ಖಾಲಿ ಮಾಡಿ ಡಿಕ್ಕಿಯಲ್ಲಿ ಇಟ್ಟು ತರಬೇಕು, ನಾವು ಕಾರಿನಿಂದ ಇಳಿಯಬಾರದು. ಬೆಳಗಿನ ಚಳಿಯಲ್ಲಿ ನಮ್ಮ ಮುಂದೆ ಹನ್ನೊಂದು ಕಾರು. ಹೆಚ್ಚಿನವರು ತಲೆ ನೆರೆತವರು. ಅಜ್ಜಿ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಅದರ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ದೇವಸ್ಥಾನದ ಸಾಲಿನಲ್ಲಿ ನೀನು ಹಣ್ಣುಕಾಯಿ ಬುಟ್ಟಿ ಹಿಡಿದು ನಿಲ್ಲುವ ಹಾಗೆ.

ನಮ್ಮ ಸರದಿ ಬಂದಾಗ ಕಿತ್ತಳೆ ಜಾಕೆಟ್ಟಿನ ಒಬ್ಬ ಮನುಷ್ಯ ಡಿಕ್ಕಿ ತೆಗೆದು, ಗುಂಡು ಇಲ್ಲ ಅಂತ ಎರಡೆರಡು ಸಲ ನೋಡಿದ. ಮೇಜಿನ ಮೇಲೆ ಕಬ್ಬಿಣ ಕೊಯ್ಯುವ ಗರಗಸ ಇತ್ತು. ಕೊಲೊರಾಡೊದಲ್ಲಿ 2013ರಿಂದ ಒಂದು ಕಾನೂನಿದೆ. ಒಬ್ಬರ ಕೋವಿ ಇನ್ನೊಬ್ಬರ ಕೈಗೆ ಹೋಗಬೇಕಾದರೆ ತಗೊಳ್ಳುವವರ ಹಿನ್ನೆಲೆ ತಪಾಸಣೆ ಆಗಬೇಕು. ಹಾಗಾಗಿ ಇವರು ಕೋವಿಯನ್ನು ತಮ್ಮದು ಮಾಡಿಕೊಳ್ಳುವುದೇ ಇಲ್ಲ. ಅದು ತುಂಡಾಗುವವರೆಗೂ ಅಜ್ಜಿಯದೇ. ಅವರ ಕಣ್ಣ ಮುಂದೆಯೇ ಕೊಯ್ಯುತ್ತಾರೆ. ಮನಸ್ಸು ಬದಲಾದರೆ ವಾಪಸ್ ತಗೊಂಡು ಹೋಗಬಹುದು.

ಜೋಡುನಳಿಗೆಯ ಮರದ ಹಿಡಿಯ ಮೇಲೆ ಅಜ್ಜನ ಹೆಸರಿನ ಎರಡು ಅಕ್ಷರ ಚಾಕುವಿನಲ್ಲಿ ಕೊರೆದದ್ದಿತ್ತು. ಆ ಮನುಷ್ಯ ಅದನ್ನು ನೋಡಿ ಕೈ ನಿಲ್ಲಿಸಿದ. ಸ್ಕ್ರೂ ಬಿಚ್ಚಿ, ಹಿಡಿಯನ್ನು ಬೇರೆ ಮಾಡಿ, ತನ್ನ ಜಾಕೆಟ್ಟಿನ ತೋಳಿಗೆ ಒರೆಸಿ, ಕಿಟಕಿಯಿಂದ ಅಜ್ಜಿ ಕೈಗೆ ಕೊಟ್ಟ. "ಇದು ಬರೀ ಮರ. ಮನೆಗೆ ತಗೊಂಡು ಹೋಗಿ" ಅಂದ. ಆಮೇಲೆ ಗರಗಸ ಶುರುವಾಯಿತು. ಕಿಡಿ ಹಾರಿತು. ನಳಿಗೆ ಮೂರು ತುಂಡು, ಕುದುರೆ, ಅಂದರೆ ಟ್ರಿಗರ್, ಇರುವ ಭಾಗ ಎರಡು ತುಂಡು. ರಿವಾಲ್ವರ್ ಒಂದೇ ನಿಮಿಷ. ಅಜ್ಜಿ ಅಳಲಿಲ್ಲ. ಆ ಮರದ ತುಂಡನ್ನು ಮಡಿಲಲ್ಲಿ ಇಟ್ಟುಕೊಂಡು ಅಕ್ಷರದ ಮೇಲೆ ಹೆಬ್ಬೆರಳು ಆಡಿಸುತ್ತಾ ಇದ್ದರು.

ಗರಗಸ ಹಿಡಿದ ಆ ಮನುಷ್ಯನೂ ಬೇಟೆಗಾರ, ಅಮ್ಮ. ಮನೆಯಲ್ಲಿ ಐದು ಕೋವಿ ಇದೆಯಂತೆ, ಒಂದನ್ನೂ ಕೊಡುವುದಿಲ್ಲವಂತೆ. "ನನ್ನದು ನನಗೆ ಬೇಕು. ಇವರಿಗೆ ಇವರದು ಬೇಡ. ಬೇಡದವರಿಗೆ ಒಂದು ದಾರಿ ಇರಬೇಕಲ್ವಾ?" ಅಂದ. ಈ ಮಾತನ್ನು ನಾನು ಮನೆಗೆ ಬರೆಯಬೇಕು ಅಂತ ಅಲ್ಲೇ ಅಂದುಕೊಂಡೆ.

ಆದರೆ ಎಲ್ಲ ಕೋವಿದಾರರೂ ಹೀಗಿಲ್ಲ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಪ್ರತಿ ವರ್ಷ ಎಲ್ಕ್ ಬೇಟೆಗೆ ಹೋಗುತ್ತಾನೆ. ಎಲ್ಕ್ ಅಂದರೆ ನಮ್ಮ ಕಡವೆ ಜಾತಿಯ, ಅದಕ್ಕಿಂತ ದೊಡ್ಡ ಪ್ರಾಣಿ. ಬೈಬ್ಯಾಕ್ ಅನ್ನೋ ಪದ ಕೇಳಿದರೇ ಅವನಿಗೆ ಸಿಟ್ಟು. "ವಾಪಸ್ ಕೊಳ್ಳೋಕೆ ಇದನ್ನು ಅವರು ನನಗೆ ಮಾರಿದ್ದರಾ?" ಅಂತಾನೆ. ಅವನ ಹತ್ತಿರ ಕತೆಗಳ ಗಂಟೇ ಇದೆ. ಕೇಳಿದ ಮೇಲೆ ಹುಡುಕಿ ನೋಡಿದೆ, ನಿಜವೇ. 1974ರಲ್ಲಿ ಬಾಲ್ಟಿಮೋರಿನಲ್ಲಿ ಪೊಲೀಸರು ಕೋವಿಗೆ 50 ಡಾಲರ್ ಕೊಟ್ಟು 13 ಸಾವಿರಕ್ಕೂ ಜಾಸ್ತಿ ಕೋವಿ ತಗೊಂಡರು. ಆ ಸಮಯದಲ್ಲೇ ಅಲ್ಲಿ ಕೋವಿಯಿಂದಾದ ಕೊಲೆ ಕಡಿಮೆಯಾಗುವ ಬದಲು ಏರಿತು. 2012ರಲ್ಲಿ ಇಲಿನಾಯ್ ರಾಜ್ಯದ ಕೋವಿದಾರರ ಸಂಘವೊಂದು ತುಕ್ಕು ಹಿಡಿದ ಸುಮಾರು 60 ಕೋವಿಯನ್ನು ಷಿಕಾಗೋ ಬೈಬ್ಯಾಕಿಗೆ ಕೊಟ್ಟು, ಬಂದ ಹಣವನ್ನು ಮಕ್ಕಳಿಗೆ ಗುಂಡು ಹೊಡೆಯೋದು ಕಲಿಸುವ ಶಿಬಿರಕ್ಕೆ ಹಾಕಿತು. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ಒಬ್ಬ ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಬಿಡಿಭಾಗಗಳನ್ನು ತಂದು 21 ಸಾವಿರ ಡಾಲರಿನ ಕಾರ್ಡು ತಗೊಂಡು ಹೋದ. ಆಮೇಲೆ ಅಲ್ಲಿ ನಿಯಮ ಬದಲಿಸಬೇಕಾಯಿತು.

ಆಫೀಸಿನವನ ಸಿಟ್ಟಿನ ಕೆಳಗೆ ನೋವೂ ಇದೆ. 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ಒಬ್ಬ ಹೆಂಗಸು ತನ್ನ ಅಪ್ಪ ಎರಡನೇ ಮಹಾಯುದ್ಧದಿಂದ ತಂದಿದ್ದ ಕೋವಿಯನ್ನು ಬೈಬ್ಯಾಕಿಗೆ ತಂದಳು. ಅದು ಜರ್ಮನಿಯ ಅಪರೂಪದ ರೈಫಲ್, ಹತ್ತಾರು ಸಾವಿರ ಡಾಲರ್ ಬೆಲೆಯದು. ಅಲ್ಲಿದ್ದ ಪೊಲೀಸರಿಗೆ ಗುರುತು ಸಿಕ್ಕಿತು, ಅವಳಿಗೆ ತಿಳಿಸಿ ಅದನ್ನು ಉಳಿಸಿದರು. "ಗುರುತು ಸಿಗದೆ ಹೋದದ್ದು ಎಷ್ಟಿರಬಹುದು?" ಅಂತ ಅವನು ಕೇಳುತ್ತಾನೆ. 2013ರಲ್ಲಿ ಅರಿಜೋನಾದ ಟ್ಯೂಸಾನಿನಲ್ಲಿ ಒಳಗೆ 50 ಡಾಲರ್ ಕಾರ್ಡ್ ಕೊಡುತ್ತಿದ್ದರೆ, ಹೊರಗೆ ಕೋವಿಪ್ರಿಯರು ನಗದು ಕೊಡ್ತೀವಿ ಅಂತ ನಿಂತಿದ್ದರಂತೆ. ಅವರ ಕಣ್ಣಿಗೆ ಕೋವಿ ನಾಶ ಮಾಡೋದು ಅಂದರೆ ಒಳ್ಳೆಯ ತಾಮ್ರದ ಪಾತ್ರೆಯನ್ನು ಗುಜರಿಗೆ ಹಾಕಿದ ಹಾಗೆ.

ಭಯವೂ ಇದೆ. "ಇವತ್ತು ಗಿಫ್ಟ್ ಕಾರ್ಡ್, ನಾಳೆ ಕಾನೂನು" ಅನ್ನುತ್ತಾನೆ. ಅವನ ಮನಸ್ಸಿನಲ್ಲಿರೋದು ಆಸ್ಟ್ರೇಲಿಯಾ. 1996ರಲ್ಲಿ ಪೋರ್ಟ್ ಆರ್ಥರಿನಲ್ಲಿ ಒಬ್ಬ 35 ಜನರನ್ನು ಕೊಂದ ಮೇಲೆ ಅಲ್ಲಿ ಕೆಲವು ಜಾತಿಯ ಕೋವಿಗಳನ್ನೇ ನಿಷೇಧಿಸಿ, ಸರ್ಕಾರ ಹಣ ಕೊಟ್ಟು ಸುಮಾರು ಆರೂವರೆ ಲಕ್ಷ ಕೋವಿ ವಾಪಸ್ ತಗೊಂಡಿತು. ಅದು ಕಡ್ಡಾಯ. ನಿನ್ನೆ ನಾನು ನೋಡಿದ್ದು ಇಷ್ಟ ಇದ್ದರೆ ಮಾತ್ರ. ಎರಡಕ್ಕೂ ಒಂದೇ ಹೆಸರು ಇಟ್ಟಿರೋದರಿಂದಲೇ ಅರ್ಧ ಜಗಳ ಅಂತ ನನಗನ್ನಿಸುತ್ತದೆ.

ಇವನು ಮಾತಾಡುವಾಗೆಲ್ಲ ನನಗೆ ಕೇಳಿಸೋದು ಅಪ್ಪನ ದನಿ. ಎಲೆಕ್ಷನ್ ಬಂದಾಗೆಲ್ಲ ಕೋವಿ ಠಾಣೆಯಲ್ಲಿ ಇಡಬೇಕಲ್ಲ. ಅಪ್ಪ ಹಿಂದಿನ ದಿನ ಜಗಲಿಯಲ್ಲಿ ಗೋಣಿ ಹಾಸಿ, ನಳಿಗೆಗೆ ಎಣ್ಣೆ ಬಟ್ಟೆ ಎಳೆದು, ಹಳೇ ಪಂಚೆಯಲ್ಲಿ ಸುತ್ತುತ್ತಿದ್ದರು. ಸುತ್ತುತ್ತಾ ಗೊಣಗುತ್ತಿದ್ದರು. "ಮೂವತ್ತು ವರ್ಷದಿಂದ ಒಂದು ತೋಟಾ ಲೆಕ್ಕ ತಪ್ಪಿಲ್ಲ. ಓಟು ಬಂತು ಅಂದರೆ ನಾನು ಕಳ್ಳನಾ?" ಆ ದಿನಗಳಲ್ಲೇ ಹಂದಿ ಗದ್ದೆಗೆ ನುಗ್ಗುತ್ತಿತ್ತು. ಹೆದರಿಸೋಕೆ ಗಾಳಿಗೆ ಒಂದು ಈಡು ಹಾರಿಸೋಣ ಅಂದರೆ ಕೋವಿ ಇಲ್ಲ. ನಾವೆಲ್ಲ ಡಬ್ಬ ಬಡಿಯುತ್ತಾ ರಾತ್ರಿ ಕೂತದ್ದು ಅಣ್ಣನಿಗೆ ನೆನಪಿರಬೇಕು. ಆಫೀಸಿನವನಿಗೆ ಇದನ್ನು ಹೇಳಿದೆ. ಅವನು ಮೊದಲ ಸಲ ಸುಮ್ಮನಾಗಿ ಕೇಳಿದ. "ನಿಮ್ಮ ಅಪ್ಪ ನನಗೆ ಅರ್ಥವಾಗ್ತಾರೆ" ಅಂದ.

ಬೈಬ್ಯಾಕಿನಿಂದ ಬೀದಿಯ ಗುಂಡಿನ ಹಾವಳಿ ತಗ್ಗುತ್ತದೆ ಅಂತ ಅವನ ಹತ್ತಿರ ನಾನು ವಾದ ಮಾಡಲಿಲ್ಲ, ಮಾಡೋಕೆ ಆಗೋದೂ ಇಲ್ಲ. ದರೋಡೆ ಮಾಡುವವನು ಚರ್ಚಿನ ಸಾಲಿನಲ್ಲಿ ನಿಲ್ಲುವುದಿಲ್ಲ. ಈ ದೇಶದಲ್ಲಿ ಜನರ ಹತ್ತಿರ ಸುಮಾರು 39 ಕೋಟಿ ಕೋವಿ ಇದೆ ಅಂತ ಅಂದಾಜು, ಜನಸಂಖ್ಯೆಗಿಂತ ಜಾಸ್ತಿ. ಅಜ್ಜಿಯ ಎರಡು ಹೋದರೆ ಲೆಕ್ಕಕ್ಕೇ ಬರೋದಿಲ್ಲ. ಅಧ್ಯಯನ ಮಾಡಿದವರೂ ಬೈಬ್ಯಾಕಿನಿಂದ ಅಪರಾಧ ಇಳಿದದ್ದು ಕಾಣಲಿಲ್ಲ ಅಂದಿದ್ದಾರೆ. ಆದರೆ ಇನ್ನೊಂದು ಲೆಕ್ಕ ಇದೆ ಅಮ್ಮ. 2021ರಲ್ಲಿ ಇಲ್ಲಿ ಗುಂಡಿನಿಂದ 48 ಸಾವಿರಕ್ಕೂ ಜಾಸ್ತಿ ಜನ ಸತ್ತರು. ಅವರಲ್ಲಿ 26 ಸಾವಿರಕ್ಕೂ ಜಾಸ್ತಿ ಜನ ತಮ್ಮ ಜೀವ ತಾವೇ ತೆಗೆದುಕೊಂಡವರು. ಬೀದಿಯಲ್ಲಲ್ಲ, ಹೆಚ್ಚಾಗಿ ಮನೆಯೊಳಗೆ. ಅಜ್ಜಿಗೆ ಈ ಅಂಕಿ ಗೊತ್ತಿರಲಿಲ್ಲ. ಡ್ರಾಯರಿನ ಭಯ ಗೊತ್ತಿತ್ತು. ಆ ಒಂದು ಡ್ರಾಯರ್ ಈಗ ಖಾಲಿ. ನನಗೆ ಅಷ್ಟು ಸಾಕು.

ಗರಗಸದ ವಿಷಯಕ್ಕೆ ಆಫೀಸಿನವನೂ ಒಪ್ಪಿ ತಲೆ ಆಡಿಸಿದ. ಯಾಕೆಂದರೆ 2023ರಲ್ಲಿ ಇಲ್ಲಿನ ಪತ್ರಿಕೆಯಲ್ಲಿ ದೊಡ್ಡ ಸುದ್ದಿ ಬಂದಿತ್ತು. ನಾಶ ಮಾಡುತ್ತೇವೆ ಅಂತ ಪೊಲೀಸರು ತಗೊಂಡ ಕೋವಿಗಳಲ್ಲಿ ಎಷ್ಟೋ ಕಡೆ ನಾಶದ ಗುತ್ತಿಗೆ ಹಿಡಿದ ಕಂಪನಿಗಳು ನಂಬರಿರುವ ಒಂದು ಭಾಗವನ್ನು ಮಾತ್ರ ಪುಡಿ ಮಾಡಿ, ಉಳಿದದ್ದನ್ನು ಬಿಡಿಭಾಗವಾಗಿ ಮಾರುತ್ತಿದ್ದರು. ಒಬ್ಬ ವಿಧವೆ ನಂಬಿ ಕೊಟ್ಟದ್ದು ಮತ್ತೆ ಸಂತೆಗೆ ಬರೋದು ಅಂದರೆ ಏನು? ನನಗೆ ಅದನ್ನು ಓದಿ ಹೊಟ್ಟೆ ಉರಿಯಿತು. ಕಣ್ಣ ಮುಂದೆ ಕೊಯ್ದರೆ ಆ ಮೋಸ ಇಲ್ಲ.

ಹೊರಡುವಾಗ ಅಂಗಳದ ಮೂಲೆಯಲ್ಲಿ ಒಂದು ಸಣ್ಣ ಕುಲುಮೆ ಹೊತ್ತಿಸಿದ್ದರು. ಕೊಯ್ದ ನಳಿಗೆಯನ್ನು ಕೆಂಪಗೆ ಕಾಯಿಸಿ ಬಡಿದು ತೋಟದ ಹಾರೆ, ಕಳೆ ಕೀಳುವ ಸಣ್ಣ ಗುದ್ದಲಿ ಮಾಡುತ್ತಾರೆ. ಈ ರಾಜ್ಯದ ಕೊಲೊರಾಡೊ ಸ್ಪ್ರಿಂಗ್ಸಿನಲ್ಲಿ 2013ರಲ್ಲಿ ಹುಟ್ಟಿದ ರಾಟೂಲ್ಸ್ ಅನ್ನೋ ಸಂಸ್ಥೆ ಈ ಕೆಲಸ ಶುರು ಮಾಡಿತು. ಯುದ್ಧಕ್ಕೆ ಇಂಗ್ಲಿಷಿನಲ್ಲಿ ವಾರ್ ಅಂತಾರಲ್ಲ, ಆ ಅಕ್ಷರ ತಿರುಗಿಸಿ ಇಟ್ಟ ಹೆಸರು ಅದು. ನನ್ನ ಕೈಗೂ ಸುತ್ತಿಗೆ ಕೊಟ್ಟರು. ನಾಲ್ಕು ಏಟು ಹಾಕಿದೆ. ಕಾದ ಕಬ್ಬಿಣ ಎಷ್ಟು ಮೆತ್ತಗೆ ಬಗ್ಗುತ್ತದೆ ಗೊತ್ತಾ! ಆ ಸದ್ದು, ಆ ಇದ್ದಿಲ ವಾಸನೆ, ಕತ್ತಿ ಹದ ಮಾಡಿಸೋಕೆ ಅಪ್ಪನ ಜೊತೆ ಹೋಗಿ ಕೂರುತ್ತಿದ್ದ ಆಚಾರ್ರ ಕುಲುಮೆಯದೇ.

ಈಗ ನಮ್ಮ ಕೋವಿ. ಅಣ್ಣ, ನಿನ್ನ ಹೆಸರಿಗೆ ಲೈಸೆನ್ಸಿಗೆ ಅರ್ಜಿ ಹಾಕು, ಇಲ್ಲ ಲೈಸೆನ್ಸಿರುವ ಅಂಗಡಿಗೆ ಮಾರು, ಇಲ್ಲ ಸರ್ಕಾರಕ್ಕೇ ಒಪ್ಪಿಸು. ಮೂರೂ ದಾರಿ ಇದೆ. ಹಂದಿ, ಮಂಗನ ಕಾಟಕ್ಕೆ ನಿನಗೆ ನಿಜವಾಗಿ ಬೇಕಾದರೆ ಇಟ್ಟುಕೋ, ನಾನು ಒಂದು ಮಾತೂ ಆಡಲ್ಲ. ಅಪ್ಪನಷ್ಟೇ ಜೋಪಾನ ಮಾಡ್ತೀಯ ಅಂತ ಗೊತ್ತು. ತೋಟಾ ಬೇರೆ ಬೀರುವಿನಲ್ಲಿ, ಬೀಗದ ಕೈ ನಿನ್ನ ಸೊಂಟದಲ್ಲಿ. ಆದರೆ "ಅಪ್ಪನ ಕೋವಿ ಬಿಟ್ಟುಕೊಟ್ಟ" ಅಂತ ಊರವರು ಅಂದಾರು ಅನ್ನೋ ಒಂದೇ ಕಾರಣಕ್ಕೆ ಇಟ್ಟುಕೊಳ್ಳಬೇಡ. ಓದು ಮುಗಿಸಿದ ನಮ್ಮ ಹುಡುಗ ಪುಟ್ಟ ಈಗ ಮನೆಯಲ್ಲೇ ಇದ್ದಾನೆ, ಅವನ ವಯಸ್ಸನ್ನೂ ಯೋಚಿಸು. ಅಮ್ಮನಿಗೆ ರಾತ್ರಿ ಒಬ್ಬಳೇ ಇರುವಾಗ ಅದು ಮನೆಯಲ್ಲಿದ್ದರೆ ಧೈರ್ಯವೋ ಭಯವೋ ಅಂತ ಅವಳನ್ನೇ ಕೇಳು. ನಾವು ಯಾರೂ ಇದುವರೆಗೆ ಕೇಳಿಲ್ಲ.

ಅದೇನೇ ಆಗಲಿ, ತೀರ್ಮಾನಕ್ಕೆ ದಿನ ಹಿಡಿಯುತ್ತದೆ. ಮಳೆಗಾಲ ಪೂರ್ತಿ ಅದು ಠಾಣೆಯ ತೇವದಲ್ಲಿ ಇತ್ತು. ಮುಂದಿನ ವಾರ ಕಾಗದಪತ್ರದ ಕೆಲಸಕ್ಕೆ ಹೋಗುವಾಗ ಅಪ್ಪನ ಎಣ್ಣೆ ಬಟ್ಟೆ ತಗೊಂಡು ಹೋಗು. ಜಗಲಿ ಮಾಡಿನ ಬಲಗಡೆ ಅಡ್ಡೆಯ ಮೇಲೆ, ಬಿಸ್ಕತ್ತಿನ ಡಬ್ಬದಲ್ಲಿದೆ. ಸಾಹೇಬರನ್ನು ಕೇಳಿ ನಳಿಗೆಗೆ ಒಂದು ಸಲ ಒರೆಸಿ ಬಾ.

ನಿಮ್ಮ ಪ್ರೀತಿಯ,
ಮಗಳು