ಅಡ್ಡಗಾಳಿಯಲ್ಲಿ ಟೇಕಾಫ್

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನು ಆರೋಗ್ಯವಾಗಿದ್ದೇನೆ, ತರಬೇತಿ ಚೆನ್ನಾಗಿ ನಡೆಯುತ್ತಿದೆ. ಅಪ್ಪ, ಫೋನಿನಲ್ಲಿ ನೀವು ಕೇಳಿದ್ರಲ್ಲ, ‘ಗಾಳಿ ಜೋರಾಗಿದ್ದರೆ ಬೇಗ ಮೇಲೆದ್ದುಬಿಟ್ಟರೆ ಆಯ್ತಲ್ವಾ, ಚಿಕ್ಕ ವಿಮಾನಗಳು ಟೇಕಾಫ್‌ನಲ್ಲೇ ಯಾಕೆ ಬೀಳುತ್ತವೆ?’ ಅಂತ. ಹಾಗೆ ಬೇಗ ಏಳುವುದೇ ಎಷ್ಟೋ ಸಲ ಅಪಘಾತಕ್ಕೆ ದಾರಿ.

ನಾನು ಓಡಿಸುವುದು ನಾಲ್ಕು ಸೀಟಿನ ಸೆಸ್ನಾ 172. ಸುಮಾರು 55 ನಾಟ್, ಅಂದರೆ ಗಂಟೆಗೆ 100 ಕಿ.ಮೀ. ಬಂದಾಗ ಮೂಗು ಎತ್ತುತ್ತೇವೆ. ಆದರೆ ರೆಕ್ಕೆಗೆ ಲೆಕ್ಕ ತನ್ನ ಮೇಲೆ ಹರಿಯುವ ಗಾಳಿ ಮಾತ್ರ. ಓಟದ ನಡುವೆ ಒಮ್ಮೆ ಗಾಳಿ ಬೀಸಿ ಹೊಡೆದರೆ ವಿಮಾನ ಹೊತ್ತಿಗೆ ಮುಂಚೆಯೇ ನೆಲ ಬಿಡುತ್ತದೆ. ಆ ಗಾಳಿ ತಟ್ಟನೆ ನಿಂತರೆ ಮತ್ತೆ ಕುಸಿಯುತ್ತದೆ. ಅಷ್ಟರೊಳಗೆ ಅಡ್ಡಗಾಳಿ ಅದನ್ನು ಪಕ್ಕಕ್ಕೆ ತಳ್ಳಿರುತ್ತದೆ. ಮುಂದೆ ಉರುಳಬೇಕಾದ ಚಕ್ರ ಪಕ್ಕಕ್ಕೆ ಉಜ್ಜಿಕೊಂಡು ನೆಲಕ್ಕೆ ಬಡಿಯುತ್ತದೆ. ಚಕ್ರದ ಕಾಲು ಮುರಿಯಬಹುದು, ರೆಕ್ಕೆಯ ತುದಿ ನೆಲಕ್ಕೆ ತಾಗಬಹುದು. ಗಾಬರಿಯಲ್ಲಿ ಪೈಲಟ್ ಮೂಗನ್ನು ಇನ್ನೂ ಮೇಲೆತ್ತಿದರೆ ರೆಕ್ಕೆ ಎತ್ತುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅಷ್ಟು ಕೆಳಗೆ ಸುಧಾರಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಅದಕ್ಕೇ ಓಟ ಶುರುವಾಗುವಾಗಲೇ ಕೈಯಲ್ಲಿರುವ ಯೋಕನ್ನು, ಅಂದರೆ ಕಾರಿನ ಸ್ಟೀರಿಂಗ್‌ನಂಥ ಹಿಡಿಯನ್ನು, ಗಾಳಿ ಬರುವ ಕಡೆಗೆ ಪೂರ್ತಿ ತಿರುಗಿಸಿಟ್ಟಿರುತ್ತೇವೆ. ಇಲ್ಲದಿದ್ದರೆ ಆ ಕಡೆಯ ರೆಕ್ಕೆಯನ್ನು ಗಾಳಿ ಎತ್ತಿಬಿಡುತ್ತದೆ. ವೇಗ ಏರಿದ ಹಾಗೆ ಸ್ವಲ್ಪ ಸ್ವಲ್ಪವೇ ಸಡಿಲ ಬಿಡಬೇಕು. ಬಾಲದ ಮೇಲೆ ಗಾಳಿ ಒತ್ತುವುದರಿಂದ ಮೂಗು ಗಾಳಿಯತ್ತ ತಿರುಗಲು ನೋಡುತ್ತದೆ, ಅದನ್ನು ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ರನ್‌ವೇಯ ನಡುಗೆರೆಯ ಮೇಲೆ ಹಿಡಿದಿಡಬೇಕು. ಎಡಗಡೆಯಿಂದ ಗಾಳಿ ಬಂದರೆ ಕಾಲಿಗೆ ಕೆಲಸ ಇನ್ನೂ ಜಾಸ್ತಿ, ಯಾಕೆಂದರೆ ಪ್ರೊಪೆಲ್ಲರ್ ಕೂಡ ವಿಮಾನವನ್ನು ಎಡಕ್ಕೇ ಎಳೆಯುತ್ತದೆ. ಮಾಮೂಲಿಗಿಂತ ಸ್ವಲ್ಪ ಜಾಸ್ತಿ ವೇಗ ಬರುವವರೆಗೆ ನೆಲದಲ್ಲೇ ಇಟ್ಟುಕೊಂಡು, ಆಮೇಲೆ ಒಂದೇ ಸಲಕ್ಕೆ ಎತ್ತಬೇಕು. ಎದ್ದ ಮೇಲೆ ಮತ್ತೆ ಚಕ್ರ ತಾಗಬಾರದು.

ಕೈಪಿಡಿಯಲ್ಲಿ 15 ನಾಟ್ ಅಡ್ಡಗಾಳಿ ಅಂತ ಇದೆ. ಅದು ತಯಾರಕರು ಪರೀಕ್ಷೆಯಲ್ಲಿ ಹಾರಿಸಿ ತೋರಿಸಿದ ಸಂಖ್ಯೆ, ನಮ್ಮಂಥ ಕಲಿಯುವವರಿಗೆ ಕೊಟ್ಟ ಭರವಸೆ ಅಲ್ಲ. ರನ್‌ವೇಗೆ 30 ಡಿಗ್ರಿ ಓರೆಯಾಗಿ 20 ನಾಟ್ ಗಾಳಿ ಬೀಸಿದರೆ ಅರ್ಧ, ಅಂದರೆ 10 ನಾಟ್, ಅಡ್ಡ ಬರುತ್ತದೆ. ಪರವಾಗಿಲ್ಲ ಅನಿಸುತ್ತದೆ. ಅದೇ ಗಾಳಿ ನಡುನಡುವೆ 32ಕ್ಕೆ ಏರುತ್ತಿದ್ದರೆ ಅಡ್ಡ ಬರುವುದು 16. ನೋಡಬೇಕಾದ್ದು ಈ ಎರಡನೆಯ ಲೆಕ್ಕವನ್ನು.

ಮೊನ್ನೆ ಅಂಥದ್ದೇ ದಿನ. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ವಿಂಡ್‌ಸಾಕ್, ಒಮ್ಮೆ ಬಿಗಿದು ನೆಟ್ಟಗಾಗುತ್ತಿತ್ತು, ಮರುಕ್ಷಣ ಜೋತುಬಿದ್ದು ಇನ್ನೊಂದು ಕಡೆಗೆ ಹೊರಳುತ್ತಿತ್ತು. ಇನ್‌ಸ್ಟ್ರಕ್ಟರ್ ಸ್ವಲ್ಪ ಹೊತ್ತು ನೋಡಿ ‘ಇವತ್ತು ಬೇಡ’ ಅಂದರು. ವಿಮಾನದ ರೆಕ್ಕೆಗಳಿಗೆ ಹಗ್ಗ ಕಟ್ಟಿ ಬಂದೆವು. ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಅಮ್ಮ, ಓಟ ಶುರುವಾದ ಮೇಲೂ ಬಿಟ್ಟುಬಿಡಬಹುದು. ವಿಮಾನ ಗೆರೆಯ ಮೇಲೆ ನಿಲ್ಲುತ್ತಿಲ್ಲ ಅನಿಸಿದರೆ, ಮುಂದೆ ರನ್‌ವೇ ಸಾಕಷ್ಟು ಇರುವಾಗಲೇ ಎಂಜಿನ್ ಶಕ್ತಿಯ ಹಿಡಿಯಾದ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದು ನಿಲ್ಲಿಸುತ್ತೇವೆ. ಅದನ್ನೂ ಟೇಕಾಫ್‌ನಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಿಸುತ್ತಾರೆ.

ಇಂತಿ ನಿಮ್ಮ ಪ್ರೀತಿಯ ಮಗ